ಬಂಗುಡೆಗೆ ಅಂಟಿದ ಸುಂಕದ ಚೀಟಿ

ಮೂರು ತಿಂಗಳಿಂದ ಅಬಕಾರಿ ಗಾರ್ಡ್ ಚಂದಯ್ಯನವರು ಕುಂದಾಪುರದಿಂದ ಬೈಂದೂರಿನವರೆಗೆ ಕಂಡ ಕಂಡ ಬಾಟಲಿಯ ಕತ್ತು ಹಿಡಿದು ನೋಡಿ ಸೋತಿದ್ದರು. ಗೋವಾದಿಂದ ಕದ್ದು ತಂದ ಮದ್ಯಕ್ಕೆ ಯಾರೋ ನಮ್ಮ ಸರಕಾರದ ಸುಂಕದ ಚೀಟಿಯಂಥದ್ದೇ ಚೀಟಿ ಅಂಟಿಸಿ ಮಾರುತ್ತಿದ್ದರು. ಹೊಳಪು, ನಂಬರು ಎಲ್ಲ ಸರಿ. ಕಣ್ಣಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

೨೦೦೮ರ ಒಂದು ಭಾನುವಾರ, ಮೀನು ಮಾರುವ ಬೀಜಾಡಿಯ ಜಲಜ ಬಂಗುಡೆ ಕೊಟ್ಟು ಹೋದ ಮೇಲೆ ಬಾವಿಕಟ್ಟೆಯಿಂದ ಹೆಂಡತಿ ಗುಲಾಬಿ ಕೂಗಿದರು.

"ಹ್ವಾಯ್, ಇಲ್ಲ್ ಬನ್ನಿ! ನಿಮ್ ಇಲಾಖೆಯವ್ರ್ ಬಂಗುಡೆಗೂ ಚೀಟಿ ಅಂಟ್ಸುಕೆ ಶುರು ಮಾಡ್ರಾ?"

ಬಂಗುಡೆಯ ಹೊಟ್ಟೆಯ ಮೇಲೆ ಚೀಟಿ ಇಡಿಯಾಗಿ ಮಿಂಚುತ್ತಿತ್ತು. ಅಸಲಿ ಚೀಟಿ ಕಿತ್ತರೆ ಚೂರುಚೂರಾಗುತ್ತದೆ, ಐಸ್ ನೀರಿಗೆ ಬಗ್ಗುವ ಜಾತಿಯಲ್ಲ. ಇದು ನಕಲಿಯೇ. ಚಂದಯ್ಯನವರು ಲುಂಗಿ ಎತ್ತಿ ಕಟ್ಟಿ ಜಲಜಳ ಹಿಂದೆ ಓಡಿದರು.

ಮೂರನೇ ಮನೆಯ ಜಗಲಿಯಲ್ಲಿ ಜಲಜ ಸಿಕ್ಕಳು.

"ಬುಟ್ಟಿಯೊಳ್ಗೆ ಬಾಟ್ಲಿ ಇತ್ತಾ ಜಲಜಾ?"

ಅವಳು ಬುಟ್ಟಿಯನ್ನು ಹಿಂದಕ್ಕೆ ಸರಿಸಿದಳು. "ಒಂದೇ ಕ್ವಾರ್ಟರ್ ಅಯ್ಯಾ. ನಮ್ಮನಿಯವ್ರಿಗೆ ಸೊಂಟ ನೋವ್. ಜನ ಕಾಂತ್ರ್ ಅಂದೇಳಿ ಐಸಿನಡಿಗೆ ಹಾಕಿದ್ದೆ."

"ನಿಂದ್ ತಪ್ಪಲ್ಲ ಮಾರಾಯ್ತಿ. ಯಾವ್ ಅಂಗ್ಡಿ, ಅದ್ ಹೇಳ್."

ಮಧ್ಯಾಹ್ನಕ್ಕೆ ಇನ್ಸ್‌ಪೆಕ್ಟರ್ ಗುಣಪಾಲರ ಜೀಪು ಆ ಅಂಗಡಿಯ ಮುಂದೆ ನಿಂತಿತು. ಮಾಲೀಕ ನಗುನಗುತ್ತಲೇ ಬಾಟಲಿ ತೋರಿಸಿದ. ಚಂದಯ್ಯನವರು ಒಂದು ಬಕೆಟ್ ಐಸ್ ನೀರು ತರಿಸಿ ಹತ್ತು ಬಾಟಲಿ ಮುಳುಗಿಸಿದರು. ಅರ್ಧ ಗಂಟೆಯಲ್ಲಿ ಏಳು ಚೀಟಿ ಮೇಲೆ ತೇಲಿದವು. ಮಾಲೀಕನ ನಗು ಮುಳುಗಿತು. ಹಿಂದಿನ ಕೋಣೆಯಲ್ಲಿ ಅಂಥದ್ದೇ ಬಾಟಲಿಗಳ ನಲವತ್ತು ಪೆಟ್ಟಿಗೆ, ಜೊತೆಗೆ ನಕಲಿ ಚೀಟಿಯ ಸುರುಳಿಗಳು ಸಿಕ್ಕವು.

"ಮಾಹಿತಿ ಯಾರ್ ಕೊಟ್ರ್ ಅಂತ ಬರೆಯೂದ್?" ಗುಣಪಾಲರು ಪೆನ್ನು ಹಿಡಿದು ಕೇಳಿದರು.

"ಬಂಗುಡೆ ಸರ್."

ಗುಣಪಾಲರು ಅವರನ್ನೊಮ್ಮೆ ದಿಟ್ಟಿಸಿ, 'ಖಚಿತ ಮಾಹಿತಿಯ ಮೇರೆಗೆ' ಎಂದು ಬರೆದುಕೊಂಡರು.

ಜಲಜಳ ಕ್ವಾರ್ಟರ್ ಸಾಕ್ಷಿಯಾಗಿ ಜಪ್ತಿಯಾಯಿತು. "ನಮ್ಮನಿಯವ್ರ್ ಸೊಂಟಕ್ಕೆ ಎಂತ ಮಾಡೂದ್?" ಎಂದು ಅವಳು ಗುಲಾಬಿಯ ಹತ್ತಿರ ಜಗಳಕ್ಕೇ ನಿಂತಳು. ಪಾಪವೆನಿಸಿ ಗುಲಾಬಿ ಮನೆಯಲ್ಲಿದ್ದ ನೋವಿನೆಣ್ಣೆ ಕೊಟ್ಟು ಕಳಿಸಿದರು.

ಮುಂದಿನ ಭಾನುವಾರ ಜಲಜ ಬುಟ್ಟಿ ಇಳಿಸುವ ಮೊದಲೇ ಬಾಯಿ ತೆರೆದಳು. "ಗಾರ್ಡ್ ಮನಿಯಿಂದ ಎಣ್ಣೆ ಬಂತ್ ಅಂದದ್ದೇ ಸೈ, ನಮ್ಮನಿಯವ್ರ್ ಹಾಸಿಗಿಯಿಂದ ಹಾರಿ ಎದ್ರ್ ಕಾಣಿ! ಗ್ಲಾಸ್ ಬೇರೆ ತಂದಿದ್ರ್."

"ಮತ್ತೆ?" ಚಂದಯ್ಯನವರು ಕೇಳಿದರು.

"ಮತ್ತೆಂತ? ವಾಸ್ನಿ ಕಂಡ್ರ್, ಹೋಯಿ ಮನಿಕಂಡ್ರ್."