ಒಂದೇ ಉಸಿರಿನ ಸಾಲು

ನನ್ನ ಗಂಡ ಕವಿ. ಇದನ್ನು ದೂರಿನಂತೆ ಕೇಳಿಸದ ಹಾಗೆ ಹೇಳುವುದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು.

ಎದೆಯಲ್ಲಿ ಕಫ ಕಟ್ಟಿ, ಜ್ವರ ಬಂದು ಅವರು ಹಾಸಿಗೆ ಹಿಡಿದಾಗ, ಒಂದು ನಾಟಕಕ್ಕೆ ಬರೆದ ಹಾಡನ್ನು ತಿದ್ದುವ ಕೆಲಸ ಬಾಕಿಯಿತ್ತು. ಅದಕ್ಕೆ ರಾಗ ಹಾಕುವವನು ಬೇರೆ ಊರಿನಲ್ಲಿದ್ದ. ಇವರನ್ನು ಅಣ್ಣ ಎನ್ನುತ್ತಾನೆ, ನನ್ನನ್ನು ಅತ್ತಿಗೆ ಎನ್ನುತ್ತಾನೆ. ರಕ್ತಸಂಬಂಧವೇನೂ ಇಲ್ಲ, ಊಟದ ಸಂಬಂಧ. ಫೋನಿನಲ್ಲಿ ಮಾತಾಡಿದರೆ ಇವರಿಗೆ ಕೆಮ್ಮು, ಇವರು ಕೆಮ್ಮಿದರೆ ಡಾಕ್ಟರರಿಂದ ನನಗೆ ಬೈಗುಳ. ಹಾಗಾಗಿ ಪತ್ರವೇ ಗತಿಯಾಯಿತು. ಇವರು ಹೇಳುವುದು, ನಾನು ಬರೆಯುವುದು.

ಇವರದೊಂದು ಪದ್ಧತಿಯಿದೆ. ಬರೆದ ಸಾಲನ್ನು ಒಂದೇ ಉಸಿರಿನಲ್ಲಿ ತಾವೇ ಹಾಡಿ ನೋಡದೆ ಯಾರಿಗೂ ಕೊಡುವುದಿಲ್ಲ. ನಡುವೆ ಉಸಿರು ಮುರಿದರೆ ತಪ್ಪು ಸಾಲಿನದು, ಇವರದಲ್ಲ. ರಾಗದವನಿಗೆ ಇದು ಗೊತ್ತಿಲ್ಲ. ಇವರ ಕಂಠ ಕೇಳುವ ಭಾಗ್ಯ ಮನೆಯವರಿಗೆ ಮಾತ್ರ.

ಹಾಡಿನ ಮೊದಲ ಸಾಲು ಹೀಗಿತ್ತು: ‘ದಾರಿ ತಪ್ಪಿ ಬಂದವನಿಗೂ ದೀಪ ಹಚ್ಚಿ ಕೂತವಳೇ, ಬಾಗಿಲು ತೆಗೆ.’ ದಿಂಬಿಗೆ ಒರಗಿ ಹಾಡಿದರು. ‘ದೀಪ’ದ ಹತ್ತಿರ ಬರುವಷ್ಟರಲ್ಲಿ ಉಸಿರು ಮುರಿಯಿತು.

“ಮೊದಲರ್ಧ ಹೊಡೆದುಹಾಕು. ಜಾಸ್ತಿ ಆಯ್ತು.”

“ಏನು ಜಾಸ್ತಿ ಆಯ್ತು?”

“ಮಾತು.”

ತಮ್ಮ ಮಾತು ಜಾಸ್ತಿಯಾಯಿತೆಂದು ಅವರೇ ಹೇಳಿದ್ದನ್ನು ಮದುವೆಯಾದ ಮೇಲೆ ನಾನು ಕೇಳಿದ್ದು ಅದೇ ಮೊದಲು. ನನಗೆ ಭಯವಾಯಿತು. ಹೇಳಿದಂತೆ ಬರೆದು ಕಳಿಸಿದೆ.

ಉತ್ತರ ಬಂತು: ‘ಅಣ್ಣ ಎಷ್ಟು ಮಾಗಿದ್ದಾರೆ ಅತ್ತಿಗೆ! ಇನ್ನೂ ಬಿಗಿ ಮಾಡಲಿ.’

ನನಗೆ ಮೈಯೆಲ್ಲ ಉರಿಯಿತು. ಇವರು ಮಾತ್ರ ಹಿಗ್ಗಿದರು. ಮುಂದಿನ ಪತ್ರದಲ್ಲಿ ದೀಪವೂ ಹೋಯಿತು, ಹಚ್ಚಿದವಳೂ ಹೋದಳು, ‘ಬಾಗಿಲು ತೆಗೆ’ ಎಂದಷ್ಟೇ ಉಳಿಯಿತು. ಅದರ ಮುಂದಿನ ಪತ್ರದ ಹೊತ್ತಿಗೆ ಬಾಗಿಲೂ ಭಾರವಾಯಿತು. ‘ತೆಗೆ’ ಎಂದು ಹಾಡಿ, ಬೆವರು ಒರೆಸಿಕೊಂಡು, “ಈಗ ಸರಿಯಾಯ್ತು ನೋಡು” ಎಂದರು. ನಾನು ಅದನ್ನೇ ಬರೆದು, ಪೆನ್ನು ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಇನ್ನು ಹೊಡೆದುಹಾಕಲು ಏನೂ ಉಳಿದಿರಲಿಲ್ಲ.

ರಾಗದವನ ತಾಳ್ಮೆಯೂ ಮುಗಿಯಿತು. ‘ಒಂದು ಪದ ಹಾಡಿಸಿ ಜನರನ್ನು ಮನೆಗೆ ಕಳಿಸಲಾ ಅಣ್ಣ?’ ಎಂದು ಬರೆದ. ಆ ಪತ್ರವನ್ನು ಇವರಿಗೆ ಓದಿ ಹೇಳಲಿಲ್ಲ. ನಾನೇ ಉತ್ತರ ಬರೆದೆ: ‘ನಿಮ್ಮಣ್ಣ ಮಾಗಿಲ್ಲ ಮಾರಾಯ. ಉಸಿರು ಸಿಗುತ್ತಿಲ್ಲ. ಎಷ್ಟು ಹಾಡಲಾಗುತ್ತದೋ ಅಷ್ಟೇ ಬರೆಸುತ್ತಿದ್ದಾರೆ.’

ಅವನ ಮರುಪತ್ರ ಇವರ ಹೆಸರಿಗೆ ಬಂತು: ‘ಅಣ್ಣ, ಅದೊಂದು ಪದವೇ ಸಾಕು. ನಾನು ರಾಗವನ್ನೇ ಬದಲಿಸಿದ್ದೇನೆ. ಮಿಕ್ಕದ್ದನ್ನು ಕೊಳಲು ನೋಡಿಕೊಳ್ಳುತ್ತದೆ. ಹುಷಾರಾಗಿ.’

ಅವನು ನಮ್ಮ ಮನೆಯಲ್ಲಿ ಉಂಡ ಊಟವೆಲ್ಲ ಸಾರ್ಥಕವಾಯಿತು ಎನಿಸಿತು. ಇವರು ಮಾತ್ರ ಮುಖ ಊದಿಸಿಕೊಂಡರು. “ಕೊಳಲಿಗೇನು ಗೊತ್ತು?” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಔಷಧಿ ಬದಲಾಯಿತು. ಜ್ವರ ಇಳಿಯಿತು. ಮುಚ್ಚಿಟ್ಟಿದ್ದ ಕಿಟಕಿ ತೆರೆಯಬಹುದೆಂದು ಡಾಕ್ಟರು ಹೇಳಿದರು. ಒಂದು ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿರುವಾಗ ಒಳಗಿನಿಂದ ಕೂಗಿದರು, “ಪೆನ್ನು ತಗೊಂಡು ಬಾ!”

ಎದ್ದು ಕೂತಿದ್ದರು. ಹಾಡಿದರು: ‘ದಾರಿ ತಪ್ಪಿ ಬಂದವನಿಗೂ ದೀಪ ಹಚ್ಚಿ ಕೂತವಳೇ, ಬೈಯುವುದನ್ನೆಲ್ಲ ಬೈದಾದ ಮೇಲಾದರೂ ಬಾಗಿಲು ತೆಗೆ.’ ಒಂದೇ ಉಸಿರು. ಉಸಿರು ಬಿಗಿಹಿಡಿದು ನಿಂತಿದ್ದವಳು ನಾನು.

“ಬೈಯೋದು ಯಾಕೆ ಬಂತು ಮಧ್ಯೆ?” ಎಂದೆ.

“ಅನುಭವ” ಎಂದರು.

ರಾಗದವನ ಪತ್ರ ಬೇಗನೆ ಬಂತು: ‘ಅತ್ತಿಗೆ, ನಿಮಗೆ ಕೈ ಮುಗಿಯುತ್ತೇನೆ. ರಾಗ ಕೂಡಿಸಿ ಆಗಿದೆ, ಕೊಳಲಿನವನಿಗೆ ಕಲಿಸಿಯೂ ಆಗಿದೆ. ಇಷ್ಟುದ್ದದ ಸಾಲನ್ನು ಎಲ್ಲಿ ತುರುಕಲಿ? ಅಣ್ಣನಿಗೆ ಹೇಳಿ ಅರ್ಧವಾದರೂ ಕತ್ತರಿಸಿ.’

ಇವರನ್ನು ಕೇಳಲಿಕ್ಕೂ ಹೋಗದೆ ಉತ್ತರ ಬರೆದೆ:

‘ಒಂದಕ್ಷರವನ್ನೂ ಕತ್ತರಿಸುವುದಿಲ್ಲ. ಮತ್ತೆ ಮತ್ತೆ ಹಾಡಿಸಿ ಕೇಳಿದ್ದೇನೆ. ಊಟಕ್ಕೆ ಬಾ.’