ಸಿಗಡಿಯ ದಾರ

ಸಿಗಡಿಯ ಬೆನ್ನಿನಲ್ಲಿ ಓಡುವ ಕಪ್ಪು ನರಕ್ಕೆ ಆ ಮನೆಯಲ್ಲಿ ದಾರ ಎಂದೇ ಹೆಸರು. ಮೂವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದ ಟೈಲರಮ್ಮನಿಗೆ ಅದನ್ನು ಚಾಕುವಿನಿಂದ ಸೀಳಿ ತೆಗೆಯುವುದು ಒರಟು ಕೆಲಸ ಅನ್ನಿಸುತ್ತಿತ್ತು. ಸೂಜಿ ಚುಚ್ಚಿ ಮೆಲ್ಲಗೆ ಮೀಟಿದರೆ ದಾರ ಇಡಿಯಾಗಿ ಬಂದುಬಿಡುತ್ತಿತ್ತು. ಈಗ ಅದು ಅವಳಿಗೆ ಕಾಣುತ್ತಿರಲಿಲ್ಲ. ಬೆರಳಿಗೆ ಸಿಕ್ಕಿದಷ್ಟು ಎಳೆಯುತ್ತಿದ್ದಳು.

ಕಣ್ಣಿಗೆ ಮಂಜು ಕವಿದು ಏಳೆಂಟು ತಿಂಗಳಾಗಿತ್ತು. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಾದರೆ ಮಗಳು ಮೊದಲು ಹೊಲಿಗೆ ಮಷಿನ್ನಿಗೆ ಮುಸುಕು ಹಾಕುತ್ತಾಳೆ, ಆಮೇಲೆ ತನ್ನನ್ನೂ ಮೂಲೆಗೆ ಕೂರಿಸುತ್ತಾಳೆ ಎಂಬ ಭಯ. ಮಗಳು ಔಷಧಿ ಅಂಗಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರ ಓದುವವಳು, ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದಳು. ಬಂದಾಗಲೆಲ್ಲ ಅವಳ ಕೈಯಲ್ಲಿ ವಾರಕ್ಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿಕೊಳ್ಳುವುದು, ನೀನು ಕಲಿತ ಹೊಲಿಗೆ ಮರೆತುಹೋಗಬಾರದು ಎಂದು ನೆಪ ಹೇಳುವುದು ನಡೆದಿತ್ತು.

ಆ ಭಾನುವಾರ ಕರಿದ ಕಡುಬು. ಕೊಚ್ಚಿದ ಮಾಂಸಕ್ಕೆ ಅರ್ಧದಷ್ಟು ಸಿಗಡಿ, ಶುಂಠಿ, ಈರುಳ್ಳಿ ಸೊಪ್ಪು, ಮೆಣಸಿನ ಪುಡಿ ಬೆರೆಸಿದಳು ಟೈಲರಮ್ಮ. ಕಣಕವನ್ನು ತೆಳ್ಳಗೆ ಲಟ್ಟಿಸಿ, ಡಬ್ಬಿಯ ಮುಚ್ಚಳದಿಂದ ದುಂಡಗೆ ಕತ್ತರಿಸಿ, ಹೂರಣ ಇಟ್ಟು, ಅಂಚಿಗೆ ನೀರು ಸವರಿ ನೆರಿಗೆ ಹಿಡಿದು ಮುಚ್ಚಿದಳು. ನೆರಿಗೆಗೆ ಕಣ್ಣು ಬೇಕಿರಲಿಲ್ಲ. ಕರಿಯುವುದಕ್ಕೂ ಕಿವಿ ಸಾಕಿತ್ತು: ಹಸಿ ಕಡುಬು ಎಣ್ಣೆಯಲ್ಲಿ ಗದ್ದಲ ಎಬ್ಬಿಸುತ್ತದೆ, ಬೆಂದಂತೆಲ್ಲ ಪಿಸುಮಾತಿಗೆ ಇಳಿಯುತ್ತದೆ. ಮೊದಲು ಸಣ್ಣ ಉರಿಯಲ್ಲಿ ಬೇಯಿಸಿ ತೆಗೆದಿಟ್ಟು, ಉಣ್ಣುವ ಹೊತ್ತಿಗೆ ಜೋರು ಉರಿಯಲ್ಲಿ ಮತ್ತೊಮ್ಮೆ ಬಿಟ್ಟರೆ ಗರಿಗರಿ.

ಮೊದಲ ಸುತ್ತು ಮುಗಿಸಿ, ಕೈ ಒರೆಸಿಕೊಂಡು ಸೂಜಿಮೆತ್ತೆ ತಡವಿದಳು. ಹತ್ತು ಸೂಜಿ ಇರಬೇಕಾದಲ್ಲಿ ಒಂಬತ್ತೇ ಇದ್ದವು. ಸಿಗಡಿಗೆಂದು ತೆಗೆದದ್ದು ಮಣೆಯ ಮೇಲಿಲ್ಲ, ಬಟ್ಟಲಲ್ಲಿಲ್ಲ, ತೊಟ್ಟಿಯಲ್ಲೂ ಇಲ್ಲ. ನೆಲಕ್ಕೆ ಬಿದ್ದ ಗುಂಡುಸೂಜಿ ಹೆಕ್ಕುವ ಅಯಸ್ಕಾಂತ ತಂದು ಒಂದೊಂದು ಕಡುಬಿನ ಮೇಲೂ ಆಡಿಸತೊಡಗಿದಳು.

"ಏನಮ್ಮಾ ಇದು, ಕಡುಬಿಗೆ ಇಸ್ತ್ರಿ ಹಾಕ್ತಿದ್ದೀಯಾ?" ಮಗಳು ಯಾವಾಗ ಬಂದಳೋ, ನಗುತ್ತಲೇ ತಟ್ಟೆಗೆ ಕೈ ಹಾಕಿದ್ದಳು.

ಅಯಸ್ಕಾಂತಕ್ಕೆ ಏನೂ ಸಿಕ್ಕಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮಾಂಸದ ನಡುವೆ ಹೂತ ಸೂಜಿ ಅದರ ಸೆಳೆತಕ್ಕೆ ಬರುತ್ತದೋ ಇಲ್ಲವೋ ಯಾರು ಬಲ್ಲರು? ಕಡುಬು ಮಗಳ ಬಾಯಿಯ ಹತ್ತಿರ ಹೋಗಿತ್ತು. ಟೈಲರಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ತಿನ್ಬೇಡ. ಒಳಗೆ ಸೂಜಿ ಇದ್ರೂ ಇರಬಹುದು."

"ನೋಡ್ಕೊಂಡು ಮಾಡೋದಲ್ವಾ?"

"ಕಂಡಿದ್ರೆ ನೋಡ್ತಿದ್ದೆ."

ಮಗಳ ನಗು ನಿಂತಿತು. ಕಡುಬನ್ನು ತಟ್ಟೆಗಿಟ್ಟು ಅಮ್ಮನನ್ನು ದಿಟ್ಟಿಸಿದಳು. ಆಮೇಲೆ ಅಮ್ಮನ ಎಡ ತೋಳಿಗೆ ಕೈ ಚಾಚಿ, ಭುಜದ ಹತ್ತಿರ ಬಟ್ಟೆಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ಕಿತ್ತು ಅವಳ ಅಂಗೈಗೆ ಇಟ್ಟಳು. ಕೆಲಸದ ನಡುವೆ ಸೂಜಿಯನ್ನು ಕುಪ್ಪಸದ ತೋಳಿಗೆ ಚುಚ್ಚಿಕೊಳ್ಳುವುದು ಮೂವತ್ತು ವರ್ಷದ ಅಭ್ಯಾಸ; ಕೈ ತನ್ನಷ್ಟಕ್ಕೆ ತಾನೇ ಮಾಡಿಬಿಟ್ಟಿತ್ತು.

"ಹಾಗಾದ್ರೆ ನಾನು ಪೋಣಿಸಿ ಕೊಡ್ತಿದ್ದ ದಾರ..."

"ಅದ್ರಲ್ಲೇ ವಾರ ತಳ್ತಿದ್ದೆ."

ಆಮೇಲೆ ಸಿಕ್ಕಾಪಟ್ಟೆ ಬೈಗುಳ. ಒಲೆ, ಕತ್ತರಿ, ರಸ್ತೆ ದಾಟುವುದು, ಒಂದನ್ನೂ ಮಗಳು ಬಿಡಲಿಲ್ಲ. ಕಣ್ಣಿನ ಪೊರೆಯ ಆಪರೇಷನ್ ಆದವರು ತನ್ನ ಅಂಗಡಿಗೇ ಬಂದು ಕಣ್ಣಿಗೆ ಹಾಕುವ ಹನಿ ಕೊಳ್ಳುತ್ತಾರೆ, ನಿಂತಲ್ಲೇ ಪೇಪರ್ ಓದುತ್ತಾರೆ, ಬುಧವಾರ ರಜೆ ಹಾಕುತ್ತೇನೆ, ಡಾಕ್ಟರ ಹತ್ತಿರ ಹೋಗೋಣ ಎಂದಳು. ಟೈಲರಮ್ಮ ಒಂದೇ ಮಾತು ಕೇಳಿದಳು.

"ಮಷಿನ್ ಮೂಲೆ ಸೇರುತ್ತಾ?"

"ನನ್ನ ಕುಪ್ಪಸ ಅರ್ಧಕ್ಕೇ ನಿಂತಿದೆ. ಅದನ್ನ ಯಾರು ಮುಗಿಸ್ತಾರೆ, ಕಣ್ಣಿನ ಡಾಕ್ಟ್ರಾ?"

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಎರಡನೆಯ ಸುತ್ತಿಗೆ ಜಾಲರಿ ಸೌಟು ಮಗಳ ಕೈಗೆ ಹೋಯಿತು, ಅಮ್ಮ ಸ್ಟೂಲಿನ ಮೇಲೆ ಕುಳಿತಳು. ಕಡುಬು ಕೆಂಪಗಾಯಿತು, ತೆಗೆಯುತ್ತೇನೆ ಎಂದಳು ಮಗಳು. ಇರು, ಇನ್ನೂ ಮಾತಾಡ್ತಿವೆ ಎಂದಳು ಅಮ್ಮ. ಎಣ್ಣೆಯ ಸದ್ದು ಇಳಿಯುವ ತನಕ ಇಬ್ಬರೂ ಕಾದರು.

ಮಗಳು ಬಿಸಿಬಿಸಿಯಾಗಿ ಒಂದನ್ನು ಕಚ್ಚಿದ ಸದ್ದು ಕರುಂ ಎಂದು ಕೇಳಿಸಿತು.

"ಇದ್ರಲ್ಲಿ ಒಂದಿಷ್ಟು ದಾರ ಉಳ್ಕೊಂಡಿದೆ ಕಣಮ್ಮ."

"ಬಿಚ್ಬೇಡ, ಹೊಲಿಗೆ ಹಾಳಾಗುತ್ತೆ. ಸುಮ್ನೆ ನುಂಗು," ಎಂದಳು ಟೈಲರಮ್ಮ. ತಟ್ಟೆಯಲ್ಲಿ ಇನ್ನೊಂದಕ್ಕೆ ಕೈ ಹೋದ ಸದ್ದು ಕೇಳಿಸಿತು.