ಓಬುರಾನ ತಲೆಯ ಚಿತ್ರ

"ಅಲ್ಲಲ್ಲ, ಬೇಲಿಯಾಚೆ ಅಗೀರೋ!" ಎಂದು ಒಡೆರೊ ಕೂಗಿದಾಗ ಅಂಗಳದಲ್ಲಿ ಓಬುರಾನ ಗುಳಿ ಆಗಲೇ ಮೊಳಕಾಲುದ್ದ ಇಳಿದಿತ್ತು. ಅಗೆಯುವವರು ತಟ್ಟನೆ ಗುದ್ದಲಿ ನಿಲ್ಲಿಸಿದರು. ಅವರಿಗೂ ಅದೇ ಬೇಕಾಗಿತ್ತೇನೋ ಎಂದು ಸತ್ತವನ ಹೆಂಡತಿ ಅಪಿಯೊಗೆ ಅನ್ನಿಸಿತು. ಬೆಳಗಿನಿಂದ ಸಾವಿಗೆ ಬಂದವರಲ್ಲಿ ಒಬ್ಬರೂ ಅವಳ ಮನೆಯ ಚಹಾ ಮುಟ್ಟಿರಲಿಲ್ಲ.

"ಭಾವಾ, ನಿಮ್ಮ ಸ್ವಂತ ತಮ್ಮ ಅವರು. ಅಂಗಳದಲ್ಲಿ ಜಾಗ ಇಲ್ವಾ?"

"ರಾತ್ರಿ ಊರೆಲ್ಲ ಓಡಿ ಜನಕ್ಕೆ ಕಾಟ ಕೊಡೋ ಮಾಟಗಾರರಿಗೆ ಇಲ್ಲ. ಕೆಂಡ ಹಿಡಿದ್ರೂ ಕೈ ನೋಯ್ತಿರ್ಲಿಲ್ಲ, ಮುಸ್ಸಂಜೇಲಿ ತೂರಾಡ್ಕೊಂಡು ಅಲೀತಿದ್ದ. ಇನ್ನೇನು ಗುರುತು ಬೇಕು? ಊಟ ಮಾಡಿ ಮಲಗಿದೋನು ಮಲಗಿದಲ್ಲೇ ಸತ್ತ. ಅದು ನೆಟ್ಟಗಿರೋ ಸಾವೇನಮ್ಮಾ?"

\*

ಓಬುರಾ ಊರಿನ ದರ್ಜಿ. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು, ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಗೆರೆ ಕೂರಿಸಿ ಕೊಡುತ್ತಿದ್ದ. ಕೆಮ್ಮಿದರೆ, ನಕ್ಕರೆ ಹಿಂದಲೆ ಸಿಡಿಯುತ್ತದೆ ಎನ್ನುತ್ತ ಕಡೆಗೆ ನಗುವುದನ್ನೇ ಬಿಟ್ಟ. ಒಂದು ದಿನ ಅಂಗಡಿಯಲ್ಲಿ ಸುಟ್ಟ ವಾಸನೆ. ಬಟ್ಟೆ ಸೀದಿತೆಂದು ನೋಡಿದರೆ, ಸೀದದ್ದು ಅವನ ಅಂಗೈ. ಅವನಿಗೆ ಗೊತ್ತೇ ಆಗಿರಲಿಲ್ಲ. ಗಿರಾಕಿಗಳು ಬಟ್ಟೆ ಅಲ್ಲೇ ಬಿಟ್ಟು ಹೊರಟುಹೋದರು.

ಕಿಸುಮು ಪಟ್ಟಣದ ಆಸ್ಪತ್ರೆಯಲ್ಲಿ ಅವನನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಸಿಕ್ಕಿಸಿದಳು. "ಇಲ್ನೋಡಿ. ಮಿದುಳಿನ ತಳ ಬುರುಡೆಯ ತೂತಿನಿಂದ ಕತ್ತಿನೊಳಗೆ ಜಾರಿದೆ. ನೀರಿನ ದಾರಿ ಕಟ್ಟಿಕೊಂಡು, ಬೆನ್ನುಹುರಿಯೊಳಗೆ ನೀರು ತುಂಬಿದೆ. ಅದಕ್ಕೇ ಕೈಗೆ ಬಿಸಿ ತಿಳೀತಿಲ್ಲ, ಕಾಲು ನಿಲ್ತಿಲ್ಲ. ಹುಟ್ಟಿನಿಂದ ಬಂದಿದ್ದು. ಬೇಗ ಆಪರೇಷನ್ ಆಗ್ಬೇಕು, ಇಲ್ದಿದ್ರೆ ನಿದ್ದೇಲೇ ಉಸಿರು ನಿಂತುಬಿಡಬಹುದು."

ಓಬುರಾ ಚಿತ್ರವನ್ನೇ ನೋಡುತ್ತ ಕೂತಿದ್ದ. "ಹಾಗಾದ್ರೆ ನಾನು ಮಾಟಗಾರ ಅಲ್ವಾ, ಡಾಕ್ಟ್ರೇ?"

ಅವನಿಗೇ ಅವನ ಮೇಲೆ ಅನುಮಾನವಿತ್ತೆಂದು ಅಪಿಯೊಗೆ ತಿಳಿದದ್ದು ಆಗ. ಆಪರೇಷನ್ನಿನ ಸರದಿ ಬರುವ ಮೊದಲೇ ಅವನು ಹೋಗಿಬಿಟ್ಟ.

\*

ಅಪಿಯೊ ಒಳಗಿನಿಂದ ಆ ಚಿತ್ರ ತಂದು ಬಿಸಿಲಿಗೆ ಹಿಡಿದಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದಳು. ಜನ ಕತ್ತು ಚಾಚಿದರೇ ಹೊರತು ಯಾರೂ ಹತ್ತಿರ ಬರಲಿಲ್ಲ.

"ಯಾರ ತಲೆಯೋ ಏನೋ!" ಎಂದ ಒಡೆರೊ. "ಆಸ್ಪತ್ರೇಲಿ ಬುರುಡೆಗಳಿಗೇನು ಬರವೇ?"

ಶವಪೆಟ್ಟಿಗೆಯ ಬಳಿ ಕೂತಿದ್ದ ಅಣ್ಣತಮ್ಮಂದಿರ ತಾಯಿ ಮಿಗೋಸಿ ಎದ್ದು ಬಂದಳು. ಸೊಸೆಯ ಕೈಯಿಂದ ಚಿತ್ರ ಇಸಿದುಕೊಂಡಳು. ಪಕ್ಕಕ್ಕೆ ತಿರುಗಿದ ಮುಖದ ಅಂಚು ಬಿಳಿಯಾಗಿ ಕಾಣುತ್ತಿತ್ತು. ಅದರ ಹಣೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಕೆಳಗೆ ಎಳೆದಳು.

"ಈ ಡುಬ್ಬ ಮೂಗು ನಿಮ್ಮಪ್ಪಂದು. ಈ ಗದ್ದ ನಂದು. ನಾನು ಹೆತ್ತ ಮುಖ ನನಗೇ ಗೊತ್ತಾಗಲ್ವೇನೋ, ಒಡೆರೊ?"

ಒಡೆರೊನ ಕೈ ತನ್ನ ಹಿಂಗತ್ತಿಗೆ ಹೋಯಿತು. ಅಲ್ಲಿ ಏನನ್ನೋ ಹುಡುಕುವವನಂತೆ ಒತ್ತಿ ಒತ್ತಿ ನೋಡಿಕೊಂಡ.

"ಅಲ್ಲೇ ಅಗೀರಿ," ಎಂದ, ಯಾರ ಮುಖವನ್ನೂ ನೋಡದೆ.

ಗುದ್ದಲಿಗಳು ಮತ್ತೆ ಅಂಗಳದ ಮಣ್ಣಿಗಿಳಿದವು. ಅಪಿಯೊ ಚಿತ್ರಕ್ಕೆ ಕೈಚಾಚಿದಳು. ಮುದುಕಿ ಕೊಡಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಬಿಸಿಲು ಏರುತ್ತಿದ್ದಂತೆ ಹೆಗಲ ಬಟ್ಟೆಯನ್ನು ಎಳೆದು ಆ ಮುಖಕ್ಕೆ ನೆರಳು ಮಾಡಿದಳು.